ಗೇರುಸೊಪ್ಪೆಯ ಹೆಸರಿನ ಹಡಗು

ಗೇರುಸೊಪ್ಪೆ ಎಂದೊಡನೆ ನಮಗೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ಶರಾವತಿ ಹಾಗೂ ಚತುರ್ಮುಖ ಬಸದಿ ನೆನಪಾಗುತ್ತವೆ. ಅದೇ ಹೆಸರನ್ನು ಹೊತ್ತ ಸರಕು ಹಡಗೊಂದು ಅಟ್ಲಾಂಟಿಕ್ ಸಾಗರದ ತಳದಲ್ಲಿ, ಸುಮಾರು 4,700 ಮೀಟರ್ ಆಳದಲ್ಲಿ ಮಲಗಿದೆ ಎಂಬುದನ್ನು ಅರಿತವರು ವಿರಳ. ಆ ಹಡಗಿನ, ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ದುಡಿದು ಮಡಿದವರ ಚರಿತ್ರೆಯನ್ನು ಅರಸುವ ಕಾರ್ಯದಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೂ ಪಾಲಿದೆ ಎಂಬುದು ನನ್ನ ಅಭಿಪ್ರಾಯ.

'ಗೈರ್‌ಸೊಪ್ಪಾ' 1919ರಲ್ಲಿ ಇಂಗ್ಲೆಂಡಿನ ಜಾರೋದಲ್ಲಿ ನಿರ್ಮಾಣಗೊಂಡ, 5,237 ಟನ್ನುಗಳ ಉಗಿಹಡಗು. ಅದರ ಒಡೆತನ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು. ಈ ಕಂಪನಿ ಗೋಲ್ಪಾರಾ, ಗೊಗ್ರಾ ಎಂಬಂತೆ ಭಾರತದ ಊರು, ನದಿಗಳ ಹೆಸರುಗಳನ್ನು ಆಕಾರಾಂತವಾಗಿಸಿ ಹಡಗುಗಳಿಗೆ ಇಡುತ್ತಿತ್ತು. 1940ರ ಡಿಸೆಂಬರಿನಲ್ಲಿ ಬೆಳ್ಳಿಯ ಗಟ್ಟಿ, ಬೀಡುಕಬ್ಬಿಣ, ಚಹಾ ಮತ್ತು ಅಂಚೆಯ ಚೀಲಗಳನ್ನು ತುಂಬಿಕೊಂಡು ಅದು ಕಲ್ಕತ್ತೆಯಿಂದ ಹೊರಟಿತು. ಫ್ರೀಟೌನಿನಲ್ಲಿ ಬೆಂಗಾವಲಿನ ಹಡಗುಗಳ ಸಾಲನ್ನು ಸೇರಿತಾದರೂ ಬಿರುಗಾಳಿಗೆ ಎದುರಾಗಿ ಸಾಗುವಷ್ಟರಲ್ಲಿ ಕಲ್ಲಿದ್ದಲು ಸಾಲದಾಯಿತು. ಸಾಲನ್ನು ತೊರೆದು ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಿದ ಹಡಗನ್ನು 1941ರ ಫೆಬ್ರುವರಿ 17ರ ನಡುರಾತ್ರಿ ಕಳೆದೊಡನೆ ಜರ್ಮನಿಯ ಯು-101 ಜಲಾಂತರ್ಗಾಮಿ ಟಾರ್ಪೆಡೊ ಹಾರಿಸಿ ಮುಳುಗಿಸಿತು. ಹಡಗಿನಲ್ಲಿದ್ದ 86 ಮಂದಿಯಲ್ಲಿ ಉಳಿದವನು ಒಬ್ಬನೇ, ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್. ಸುಮಾರು ಮೂವತ್ತು ಜನರಿದ್ದ ಆತನ ರಕ್ಷಣಾ ದೋಣಿಯಲ್ಲಿ ಹಸಿವು, ನೀರಡಿಕೆ, ಚಳಿಗೆ ಸಿಕ್ಕಿ ಒಬ್ಬೊಬ್ಬರೇ ಸತ್ತರು. ಹದಿಮೂರು ದಿನಗಳ ಬಳಿಕ ಕಾರ್ನ್‌ವಾಲಿನ ಲಿಜರ್ಡ್ ತೀರದ ಅಲೆಗಳಿಗೆ ಸಿಕ್ಕು ದೋಣಿ ಮಗುಚಿದಾಗ ದಡ ಸೇರಿ ಬದುಕಿದವನು ಆತನೊಬ್ಬನೇ.

ಎಪ್ಪತ್ತು ವರ್ಷಗಳ ಅನಂತರ, 2011ರಲ್ಲಿ, ಬ್ರಿಟಿಷ್ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿದ್ದ ಅಮೆರಿಕದ ಸಂಸ್ಥೆಯೊಂದು ಹಡಗನ್ನು ಪತ್ತೆಹಚ್ಚಿತು. 2012 ಮತ್ತು 2013ರಲ್ಲಿ 2,792 ಬೆಳ್ಳಿಯ ಗಟ್ಟಿಗಳು ಮೇಲೆ ಬಂದವು. ವಿಮೆಗೆ ಒಳಪಟ್ಟಿದ್ದ ಬೆಳ್ಳಿಯಲ್ಲಿ ಅದು ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಮಿಗಿಲು. ಆ ಬೆಳ್ಳಿಯಿಂದ ಬ್ರಿಟನ್ನಿನ ಟಂಕಸಾಲೆ ನಾಣ್ಯಗಳನ್ನೂ ಅಚ್ಚುಹಾಕಿತು. ಬೆಳಕಿಲ್ಲದ ಆಳದಲ್ಲಿ ಉಳಿದುಕೊಂಡಿದ್ದ ಏಳುನೂರಕ್ಕೂ ಹೆಚ್ಚು ಕಾಗದಗಳನ್ನು ತಜ್ಞರು ಜತನದಿಂದ ಬಿಡಿಸಿ ಓದಿದರು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನವನ್ನು ಏರ್ಪಡಿಸಿತು.

ಬೆಳ್ಳಿಗೆ ಲೆಕ್ಕ ದೊರಕಿತು, ಕಾಗದಗಳಿಗೆ ಓದುಗರು ದೊರೆತರು. ಹಡಗನ್ನು ನಡೆಸಿದವರ ಪಾಡೇನು? ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಭಾರತೀಯ ಲಸ್ಕರರು. ಬ್ರಿಟಿಷ್ ನಾವಿಕರಿಗಿಂತ ತೀರ ಕಡಿಮೆ ಸಂಬಳಕ್ಕೆ ಬಾಯ್ಲರಿನ ಉರಿಯೆದುರು ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರು. ಸಮಾಧಿಯಿಲ್ಲದ ಬ್ರಿಟಿಷ್ ವರ್ತಕ ನಾವಿಕರ ಹೆಸರುಗಳು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಭಾರತೀಯ ನಾವಿಕರ ಹೆಸರುಗಳಿರುವುದು ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಇರಿಸಿರುವ ಪುಸ್ತಕದ ಪುಟಗಳಲ್ಲಿ. ಹಡಗಿನ ಕೊನೆಯ ದಿನಗಳ ಕಥೆಯೂ ಬದುಕುಳಿದ ಅಧಿಕಾರಿಯ ಬಾಯಿಂದಲೇ ಬಂದದ್ದು. ಅದೇ ದೋಣಿಯಲ್ಲಿದ್ದ ಲಸ್ಕರರ ಮಾತು ಸಮುದ್ರದಲ್ಲೇ ಉಳಿಯಿತು.

"ಕಲ್ಕತ್ತೆಯಿಂದ ಹೊರಡುತ್ತಿದ್ದ ಹಡಗುಗಳ ಲಸ್ಕರರು ಬಹುಮಟ್ಟಿಗೆ ಬಂಗಾಳ, ಸಿಲ್ಹೆಟ್ ಕಡೆಯವರು, ಇದರಲ್ಲಿ ಕನ್ನಡದ್ದೇನಿದೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅವರನ್ನು ಕನ್ನಡಿಗರೆಂದು ಸಾಧಿಸುವ ಅಗತ್ಯ ನಮಗಿಲ್ಲ. ನಮ್ಮ ಊರಿನ ಹೆಸರು ಹೊತ್ತ ಹಡಗಿನೊಳಗೆ ಅವರು ಸತ್ತರೆಂಬ ನಂಟು ಸಾಲದೆ? ಪರರ ದಾಖಲೆಯಲ್ಲಿ ಹೆಸರು ಹೇಗೆ ರೂಪಗೆಡುತ್ತದೆಂಬುದನ್ನು ಗಡಿನಾಡಿನವರಾದ ನಾವು ಚೆನ್ನಾಗಿ ಬಲ್ಲೆವು. ಮಂಜೇಶ್ವರ 'ಮಂಜೇಶ್ವರಂ' ಆದುದನ್ನು, ಕುಂಬಳೆ 'ಕುಂಬ್ಳ' ಆದುದನ್ನು ನಿತ್ಯ ಕಾಣುವವರಿಗೆ ಗೇರುಸೊಪ್ಪೆ 'ಗೈರ್‌ಸೊಪ್ಪಾ' ಆದ ಬಗೆಯನ್ನು ವಿವರಿಸಬೇಕಿಲ್ಲ. ಲಸ್ಕರನ ಹೆಸರನ್ನು ಅವನ ಭಾಷೆ ತಿಳಿಯದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಸಂಕಟವೂ ಇದೇ ಜಾತಿಯದು.

ಇನ್ನೊಂದು ಆಕ್ಷೇಪ, ಇದು ಇತಿಹಾಸ ವಿಭಾಗದ ಕೆಲಸವೆಂಬುದು. ಒಂದೇ ಹೆಸರಿನ ನಾಲ್ಕು ಕಾಗುಣಿತಗಳನ್ನು ಹೋಲಿಸಿ ಮೂಲರೂಪವನ್ನು ಊಹಿಸುವುದು ಗ್ರಂಥಸಂಪಾದನೆಯ ಪಾಠಾಂತರ ವಿಚಾರಕ್ಕಿಂತ ಭಿನ್ನವೆ? ಲಸ್ಕರರ ಮೇಳದಲ್ಲಿ 'ಸುಕಾನಿ' ಎಂಬ ಹುದ್ದೆಯಿತ್ತು, 'ತಿಂಡಾಲ'ನಿದ್ದ, ಅಡುಗೆಗೆ 'ಭಂಡಾರಿ'ಯಿದ್ದ. ಕನ್ನಡದ ಚುಕ್ಕಾಣಿ, ಕರಾವಳಿಯ ತಂಡೇಲ ಎಂಬ ಪದಗಳ ಬಂಧುಗಳೇ ಇವು. ಇಲ್ಲಿ ಭಾಷಾವಿಜ್ಞಾನದ ಪಾಠಕ್ಕೆ ಜೀವಂತ ಸಾಮಗ್ರಿಯಿದೆ. ಊರಿನ ತುರುಗಳಿಗಾಗಿ ಹೋರಾಡಿ ಮಡಿದ ಸಾಮಾನ್ಯನಿಗೂ ನಮ್ಮ ನಾಡು ವೀರಗಲ್ಲು ನಿಲ್ಲಿಸಿತು. ಅದನ್ನು ಓದಲು ಕಲಿತವರು ಕಲ್ಲಿಲ್ಲದ ಸಾವುಗಳ ಬಗೆಗೆ ಉದಾಸೀನರಾಗುವುದು ತರವಲ್ಲ.

ಕೆಲಸವನ್ನು ಇಂದೇ ಆರಂಭಿಸಬಹುದು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿ, ಲಾಯ್ಡ್ಸ್ ರಿಜಿಸ್ಟರಿನ ಹಳೆಯ ಸಂಪುಟಗಳು ಮನೆಯಿಂದಲೇ ನೋಡಸಿಗುತ್ತವೆ. ಇನ್ನೊಂದು ಆಕರ ಇನ್ನೂ ಹತ್ತಿರದಲ್ಲಿದೆ. ನಮ್ಮ ಜಿಲ್ಲೆಯ ಉದುಮ, ಕೋಟಿಕುಳಂ ಭಾಗಗಳಲ್ಲಿ ವರ್ತಕ ಹಡಗುಗಳಲ್ಲಿ ದುಡಿದವರ ಮನೆಗಳು ಅನೇಕ. ಅವರ ಸೇವಾಪುಸ್ತಕಗಳು, ಹಡಗಿನಿಂದ ಬರೆದ ಕಾಗದಗಳು ಟ್ರಂಕುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರಬಹುದು. ವರ್ಷಕ್ಕೊಬ್ಬ ವಿದ್ಯಾರ್ಥಿ ಒಬ್ಬ ನಾವಿಕನ ಬಾಳನ್ನು, ಹಿರಿಯರ ಮಾತು ಕೇಳಿ, ಕಾಗದ ನೋಡಿ, ಕನ್ನಡದಲ್ಲಿ ಬರೆದಿಟ್ಟರೂ ಹತ್ತು ವರ್ಷಗಳಲ್ಲಿ ಹತ್ತು ಬಾಳುಗಳು ಉಳಿಯುತ್ತವೆ. ಕಡಲಾಳದ ಬೆಳ್ಳಿಯನ್ನು ಎತ್ತಲು ಯಂತ್ರ ಬೇಕಾಯಿತು. ಟ್ರಂಕಿನ ಕಾಗದವನ್ನು ಎತ್ತಿಕೊಳ್ಳಲು ಬೇಕಾದುದು ಒಂದು ಭಾನುವಾರ, ಒಂದು ನೋಟ್‌ಪುಸ್ತಕ ಮತ್ತು ಕೇಳುವ ವಿನಯ.