ಆಟದ ಮೀನಿಗೆ ಅಳತೆ ಬೇಡವೇ?

ಜತ್ತ ತಾಲೂಕಿನ ಮಾಸ್ತರರು ಮೀನಿನ ಬಗ್ಗೆ ಬರೆಯುವುದೇ ಎಂದು ನಗಬೇಡಿರಿ! ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವ ತಾಲೂಕು ನಮ್ಮದು, ನಿಜ. ಆದರೆ ಸಂಖ, ದೊಡ್ಡನಾಲಾ ಕೆರೆಗಳು ನಮ್ಮಲ್ಲಿಯೇ ಇವೆ. ಮ್ಹೈಸಾಳ ಯೋಜನೆಯಿಂದ ಕೃಷ್ಣೆಯ ನೀರು ಮೇಲೇರಿ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಗಡಿ ಜಗಳ ಬಿಸಿಯಾಗಿದ್ದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿ ಕಡೆಗೂ ಹರಿದು ಬಂತು. ನೀರು ಬಂದಲ್ಲಿ ಮೀನು, ಮೀನು ಇದ್ದಲ್ಲಿ ಗಾಳ. ಗಾಳ ಇದ್ದಲ್ಲಿ ಇಂದಲ್ಲ ನಾಳೆ "ಮೀನು ಹಿಡಿಯುವ ಸ್ಪರ್ಧೆ, ಪ್ರಥಮ ಬಹುಮಾನ ಇಷ್ಟು ಸಾವಿರ" ಎಂಬ ಬ್ಯಾನರು. ಬ್ಯಾನರು ಬರುವ ಮೊದಲೇ ನಿಯಮ ಬರಲಿ ಎಂಬುದು ನಮ್ಮ ವಾದ.

ನಿಯಮ ಒಂದೇ ಸಾಲಿನದು. ಸ್ಪರ್ಧೆಯಲ್ಲಿ ಸಿಕ್ಕ ಸಣ್ಣ ಮೀನನ್ನು ಯಾರೂ ಇಟ್ಟುಕೊಳ್ಳಕೂಡದು. ಚೀಲದಲ್ಲೂ ಬೇಡ, ತಕ್ಕಡಿಯಲ್ಲೂ ಬೇಡ.

"ಗುರುಗಳೇ, ನಾಲ್ಕು ಮರಿ ಮೀನು ಹೋದರೆ ಕೆರೆ ಬರಿದಾಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಒಬ್ಬನಿಗೆ ನಾಲ್ಕಾದರೆ ನೂರು ಜನರಿಗೆ ನಾನೂರು. ಈ ಲೆಕ್ಕ ನಮ್ಮ ಮೂರನೆಯ ಇಯತ್ತೆಯ ಮಕ್ಕಳೂ ಮಾಡುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ನಮ್ಮ ಕೆರೆಗಳ ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಸಂತಾನ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆಯೇ ಬೇಕು. ಅಂದರೆ ಕೆರೆಯಲ್ಲಿ ಕಾಣುವ ಮರಿ ತಾನಾಗಿ ಹುಟ್ಟಿದ್ದಲ್ಲ, ಯಾರೋ ದುಡ್ಡು ಕೊಟ್ಟು ತಂದು ಬಿಟ್ಟದ್ದು. ಹೆಚ್ಚಾಗಿ ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸೊಸೈಟಿಯವರು. ನೀರು, ಮೇವು ಚೆನ್ನಾಗಿದ್ದರೆ ಒಂದು ವರ್ಷದಲ್ಲಿ ಕಿಲೋ ತೂಗುವ ಕಟ್ಲಾವನ್ನು ಇನ್ನೂರು ಗ್ರಾಂ ಇರುವಾಗಲೇ ಎತ್ತಿಕೊಂಡು ಹೋಗುವುದಕ್ಕೆ ಏನೆನ್ನಬೇಕು? ತೆನೆ ಕಟ್ಟದ ಜೋಳವನ್ನು ಬೇರೆಯವರ ಹೊಲದಿಂದ ಕಿತ್ತರೆ ಏನೆನ್ನುತ್ತೇವೋ ಅದೇ ಹೆಸರು ಇದಕ್ಕೂ ಸಲ್ಲುತ್ತದೆ!

ಹೊಳೆಯ ಮಾತು ಬೇರೆ. ಅಲ್ಲಿ ಸಣ್ಣ ಮೀನು ನಾಳಿನ ತಾಯಿ. ಒಮ್ಮೆಯಾದರೂ ಮೊಟ್ಟೆ ಇಡುವವರೆಗೆ ಅದು ಬದುಕಬೇಕು. ಸಮುದ್ರದ ಮಟ್ಟಿಗೆ ಸರಕಾರಕ್ಕೆ ಇದು ತಿಳಿದಿದೆ. ಕೇರಳ ಮೊದಲು ಮಾಡಿತು, ಆಮೇಲೆ 2023ರಲ್ಲಿ ಮಹಾರಾಷ್ಟ್ರ ಸರಕಾರವೂ 54 ಜಾತಿಯ ಸಮುದ್ರ ಮೀನುಗಳಿಗೆ ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದೆಂದು ಅಳತೆ ಗೊತ್ತು ಮಾಡಿತು. ನಮ್ಮ ಕೆರೆಯ ಕಟ್ಲಾ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಸಮುದ್ರದ್ದಲ್ಲ. ಹಾಗಾದರೆ ಒಳನಾಡಿನ ಸ್ಪರ್ಧೆ ನಡೆಸುವವರೇ ಸೊಸೈಟಿಯವರನ್ನು ಕೂರಿಸಿಕೊಂಡು ಅಳತೆ ಬರೆದುಕೊಳ್ಳಲು ಯಾರ ಅಡ್ಡಿ? ಶಾಲೆಯ ಪಟ್ಟಿಯೊಂದು ಸಾಕು!

"ಮೀನು ಮನೆಗೆ ಒಯ್ಯದಿದ್ದರೆ ಅದೆಂಥ ಸ್ಪರ್ಧೆ?" ಎನ್ನುವವರು ಕಾವೇರಿಯ ಕಡೆ ನೋಡಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದರು. ಆ ಜಾತಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮುಂದೆ ಅದೇ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ದೇಶ ವಿದೇಶದವರು ಬಂದು ಮೀನು ಹಿಡಿದರು, ತೂಗಿದರು, ಫೋಟೋ ತೆಗೆಸಿಕೊಂಡರು, ತಿರುಗಿ ನೀರಿಗೆ ಬಿಟ್ಟರು. ವನ್ಯಜೀವಿ ಕಾನೂನಿನ ಕಾರಣ ಅಭಯಾರಣ್ಯದೊಳಗಿನ ಆ ಆಟ 2010ರ ಸುಮಾರಿಗೆ ನಿಂತಿತು, ಅದು ಬೇರೆ ಚರ್ಚೆ. ಬಿಟ್ಟುಬಿಟ್ಟರೂ ಆಟ ಆಟವೇ ಎಂಬುದನ್ನಂತೂ ಅವರು ತೋರಿಸಿಕೊಟ್ಟರು.

ಆದರೆ ಬಿಡುವುದಕ್ಕೂ ರೀತಿ ಇದೆ. ಬಿಸಿಲಿನಲ್ಲಿ ಬಕೆಟ್ಟಿನಲ್ಲಿ ಎರಡು ತಾಸು ಇಟ್ಟು, ಕಿವಿರಿಗೆ ಬೆರಳು ಹಾಕಿ ಎತ್ತಿ ತೋರಿಸಿ, ಕೊನೆಗೆ "ಬಿಟ್ಟೆವು" ಎಂದರೆ ಬಿಟ್ಟದ್ದು ಹೆಣವನ್ನೇ. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಅಲ್ಲಿಯೇ ಅಳೆಯಬೇಕು, ಆಗಲೇ ಬಿಡಬೇಕು. ಬೇಸಿಗೆಯ ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ, ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಸ್ಪರ್ಧೆ ಬೇಕೇ ಬೇಕೆಂದರೆ ಕೆರೆ ತುಂಬಿರುವ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮುಗಿಸಿರಿ. ಹೋಳಿಯಾದ ಮೇಲೆ ಬೇಡ. ಜಿಲೇಬಿ ಮೀನು ಮಾತ್ರ ಇದಕ್ಕೆ ಹೊರತು. 1952ರಲ್ಲಿ ಹೊರದೇಶದಿಂದ ಬಂದ ಅದು ಕೆರೆಯಲ್ಲೇ ಬೇಕಾದಷ್ಟು ಹೆಚ್ಚುತ್ತದೆ. ಸಣ್ಣದಿರಲಿ ದೊಡ್ಡದಿರಲಿ, ಸೊಸೈಟಿಯವರ ಒಪ್ಪಿಗೆ ಪಡೆದು ಬುಟ್ಟಿ ತುಂಬ ಒಯ್ಯಿರಿ.

ಇನ್ನೊಂದು ಮಾತು. ಈ ಅಳತೆಯ ಪಟ್ಟಿಯನ್ನು ಹಿಡಿದುಕೊಂಡು ಮೇ ತಿಂಗಳಲ್ಲಿ ಬತ್ತುತ್ತಿರುವ ಕೆರೆಯ ಅಂಬಿಗನ ಮುಂದೆ ನಿಲ್ಲಬೇಡಿರಿ. ಮೊಣಕಾಲುದ್ದ ನೀರು ಉಳಿದಾಗ ಮರಿ ಹೇಗೂ ಸಾಯುತ್ತದೆ. ಅದನ್ನು ಅವನು ಹಿಡಿದು ಸಂತೆಯಲ್ಲಿ ಮಾರಿದರೆ ಮನೆಯಲ್ಲಿ ಒಲೆ ಹೊತ್ತುತ್ತದೆ. "ಎಲ್ಲರಿಗೂ ಒಂದೇ ನಿಯಮ" ಎಂಬುದು ಕೇಳಲು ಚೆಂದ. ಆದರೆ ಹೊಟ್ಟೆಗಾಗಿ ಹಿಡಿಯುವವನೂ ಬಹುಮಾನಕ್ಕಾಗಿ ಹಿಡಿಯುವವನೂ ಒಂದೇ ಹೇಗಾಗುತ್ತಾರೆ? ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯಬಾರದೆಂದು 1897ರ ಕಾಯ್ದೆಯೇ ಹೇಳಿದೆ. ಅದು ಇಬ್ಬರಿಗೂ ಇರಲಿ. ಅಳತೆಯ ಬಿಗಿ ಮಾತ್ರ ಮೊದಲು ಆಟಗಾರನಿಗೆ ಇರಲಿ.

ನೀರಿಗಾಗಿ ಎರಡು ರಾಜ್ಯಗಳ ಬಾಗಿಲು ಬಡಿದ ಜನ ನಾವು. ಆ ನೀರಿನಲ್ಲಿ ಬೆಳೆದದ್ದನ್ನು ಒಂದು ಭಾನುವಾರದ ಮೋಜಿಗೆ ಕೊಡಲು ನಮಗಂತೂ ಮನಸ್ಸಿಲ್ಲ. ಗ್ರಾಮ ಪಂಚಾಯತಿಯವರು ಪರವಾನಗಿಗೆ ಸಹಿ ಹಾಕುವ ಮುನ್ನ ಈ ಒಂದು ಸಾಲನ್ನು ಬರೆಸಿಕೊಳ್ಳಲಿ. ಒಪ್ಪದವರು ಗಾಳ ಮಡಚಿಕೊಂಡು ಹೋಗಲಿ!