ಆರು ದಿನ, ಒಂದು ನೆರಳು

ಪ್ರಾಥಮಿಕ ಶಾಲೆಯ ಮಗುವು ತನ್ನ ಕೈಯಾರೆ ಮಾಡಿ ಕಲಿಯಬೇಕೆಂಬ ತತ್ತ್ವವನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿದುದು ಸಂತೋಷದ ಸಂಗತಿಯೇ ಸರಿ. ಆದರೆ ಚಟುವಟಿಕೆಗಳ ವಾರವೆಂದು ಎಷ್ಟೋ ಶಾಲೆಗಳಲ್ಲಿ ನಡೆಯುವುದನ್ನು ಕಂಡಾಗ ನಮಗೊಂದು ಸಂದೇಹ ಮೂಡುತ್ತದೆ. ಸೋಮವಾರ ಅಯಸ್ಕಾಂತ, ಮಂಗಳವಾರ ಬೆಲೂನು, ಬುಧವಾರ ಭೂತಗನ್ನಡಿ, ಶನಿವಾರ ಪ್ರದರ್ಶನ. ಮಕ್ಕಳು ನಲಿಯುವುದೇನೋ ನಿಜ. ಆದರೆ ದಿನಕ್ಕೊಂದು ಹೊಸತನ್ನು ಕಂಡ ಮಗುವು ಯಾವುದನ್ನು ತಾನೆ ತಾಳ್ಮೆಯಿಂದ ನೋಡಿತು? ಆರು ದಿನಗಳಿಗೆ ಆರು ಕೌತುಕಗಳಿಗಿಂತ, ಆರು ದಿನಗಳಿಗೂ ಒಂದೇ ಪ್ರಶ್ನೆಯನ್ನು ಕೊಡುವುದು ಮೇಲೆಂಬುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ಒಂದು ಶಾಲೆ, ಐದನೆಯ ತರಗತಿ, ಫೆಬ್ರವರಿಯ ಎರಡನೆಯ ವಾರ. ಬಯಲಿನ ಸಮತಟ್ಟಾದ ಕಡೆ, ನೆಲದಿಂದ ಒಂದು ಮೀಟರು ಎತ್ತರಕ್ಕೆ ಒಂದು ಕೋಲನ್ನು ನೆಡಬೇಕು. ಅದು ನೆಟ್ಟಗಿದೆಯೇ ಎಂಬುದನ್ನು ಕಲ್ಲು ಕಟ್ಟಿದ ದಾರವೇ ಹೇಳುತ್ತದೆ. ಅಳತೆಪಟ್ಟಿ, ಗಡಿಯಾರ, ಸೀಮೆಸುಣ್ಣ, ಇವಿಷ್ಟೇ ಉಪಕರಣಗಳು. ಸೂರ್ಯನನ್ನು ನೇರವಾಗಿ ನೋಡಕೂಡದೆಂಬ ಎಚ್ಚರಿಕೆಯೊಂದನ್ನು ಮೊದಲೇ ಕೊಟ್ಟಿರಬೇಕು. ಪ್ರಶ್ನೆ ಇಷ್ಟೆ: ಕೋಲಿನ ನೆರಳು ಅತ್ಯಂತ ಗಿಡ್ಡವಾಗುವುದು ಯಾವಾಗ?

ನಡುಹಗಲು ಹನ್ನೆರಡು ಗಂಟೆಗೆ ಎಂದು ತರಗತಿಯೆಲ್ಲವೂ ಒಕ್ಕೊರಲಿನಿಂದ ಕೂಗುವುದು ಖಂಡಿತ. ಸೋಮವಾರ ಹನ್ನೆರಡರಿಂದ ಒಂದು ಗಂಟೆಯವರೆಗೆ, ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿ ಅಳೆಯಲಿ. ನೆರಳು ಹನ್ನೆರಡರ ಬಳಿಕವೂ ಕುಗ್ಗುತ್ತಲೇ ಹೋಗುತ್ತದೆ! ಅದು ಅತಿ ಗಿಡ್ಡವಾಗುವುದು ಸುಮಾರು 12 ಗಂಟೆ 34 ನಿಮಿಷಕ್ಕೆ. ಹನ್ನೆರಡಕ್ಕೆ ಅಳೆದ ನೆರಳು ಅದಕ್ಕಿಂತ ಮೂರು ಸೆಂಟಿಮೀಟರಿನಷ್ಟು ಉದ್ದವಾಗಿರುತ್ತದೆ. ಇದರ ಕಾರಣವನ್ನು ನಮ್ಮ ವಾಚಕರು ಬಲ್ಲರು. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬೆಂಗಳೂರು ಅದಕ್ಕೆ ಸುಮಾರು ಐದು ಡಿಗ್ರಿ ಪಶ್ಚಿಮದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷಗಳಾದುವು. ಉಳಿದ ಹದಿನಾಲ್ಕು ನಿಮಿಷಗಳು ಭೂಮಿಯ ಅಕ್ಷದ ಓರೆಯಿಂದಲೂ ಅದರ ಕಕ್ಷೆಯು ದೀರ್ಘವೃತ್ತವಾಗಿರುವುದರಿಂದಲೂ ಬಂದವು. ಐದನೆಯ ತರಗತಿಯ ಮಗುವಿಗೆ ಇದನ್ನೆಲ್ಲ ಹೇಳಬೇಕಾದುದಿಲ್ಲ. ತಾನು ನಂಬಿದ್ದುದು ಒಂದು, ಅಳೆದಾಗ ಕಂಡುದು ಇನ್ನೊಂದು ಎಂಬಷ್ಟು ಅದಕ್ಕೆ ತಿಳಿದರೆ ಸಾಕು.

ಮಂಗಳವಾರವೂ ಅದೇ ಅಳತೆ. ಬುಧವಾರ ಕೋಲಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ನೆಲದ ಮೇಲೆ ದೊಡ್ಡದೊಂದು ವೃತ್ತವನ್ನು ಎಳೆಯಲಿ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದೆಡೆ ಒಂದು ಗುರುತು, ಮಧ್ಯಾಹ್ನ ಮತ್ತೆ ಮುಟ್ಟಿದೆಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮ ರೇಖೆ ದೊರೆಯುತ್ತದೆ. ಸೂರ್ಯಸಿದ್ಧಾಂತದಲ್ಲಿ ಹನ್ನೆರಡು ಅಂಗುಲದ ಶಂಕುವಿನಿಂದ ದಿಕ್ಕನ್ನು ಕಾಣುವ ಕ್ರಮವೂ ಇದೇ. ಹೀಗೆ ಶನಿವಾರದವರೆಗೂ ನಡುಹಗಲಿನ ಅಳತೆ ನಿಲ್ಲದೆ ನಡೆಯಬೇಕು.

ಒಂದು ದಿನದಲ್ಲಿ ಮುಗಿಸಬಹುದಾದುದಕ್ಕೆ ವಾರವೇಕೆ ಎಂದು ಕೇಳಬಹುದು. ಆ ದಿನಗಳಲ್ಲಿ ಸೂರ್ಯನು ಉತ್ತರದತ್ತ ಸರಿಯುತ್ತಿರುವುದರಿಂದ ನಡುಹಗಲಿನ ನೆರಳು ದಿನಕ್ಕೆ ಸುಮಾರು ಏಳು ಮಿಲಿಮೀಟರು ಕುಗ್ಗುತ್ತದೆ. ಆದರೆ ಸೂರ್ಯನು ಬಿಂದುವಲ್ಲ, ಬಿಂಬ. ಆದುದರಿಂದ ನೆರಳಿನ ತುದಿಯೇ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಸೋಮವಾರಕ್ಕೂ ಮಂಗಳವಾರಕ್ಕೂ ಇರುವ ವ್ಯತ್ಯಾಸವು ಈ ಮಸುಕಿನಲ್ಲಿ ಮುಳುಗಿಹೋಗುತ್ತದೆ. ಸೋಮವಾರದಿಂದ ಶನಿವಾರಕ್ಕಾಗುವಷ್ಟರಲ್ಲಿಯಾದರೋ ವ್ಯತ್ಯಾಸ ಮೂರೂವರೆ ಸೆಂಟಿಮೀಟರಿಗೆ ಬೆಳೆದು, ಯಾವ ಮಗುವಿನ ಕಣ್ಣಿಗೂ ಬೀಳುತ್ತದೆ. ಭೂಮಿಯು ಸೂರ್ಯನನ್ನು ಸುತ್ತುವುದರ ಗುರುತನ್ನು ಮಗುವು ತನ್ನ ಶಾಲೆಯ ಅಂಗಳದಲ್ಲೇ ಕಂಡಂತಾಯಿತು. ಒಂದು ದಿನದ ಚಟುವಟಿಕೆಯು ಇದನ್ನು ಎಂದಿಗೂ ತೋರಿಸಲಾರದು.

ಇಲ್ಲಿ ಉಪಾಧ್ಯಾಯರಿಗೆ ಕಠಿನವಾದ ಪರೀಕ್ಷೆಯೊಂದಿದೆ. ಒಂದು ಗುಂಪಿನ ಅಳತೆ ಉಳಿದವರದಕ್ಕೆ ಹೊಂದದಿರಬಹುದು. ಅದನ್ನು ಅಳಿಸಿ ‘ಸರಿಯಾದ’ ಅಂಕೆಯನ್ನು ಬರೆಯಿಸುವ ಆಸೆ ಸಹಜವೇ. ಆದರೆ ಆ ಅಂಕೆಯನ್ನು ಅಳಿಸದೆ ಕಪ್ಪುಹಲಗೆಯ ಮೇಲೆ ಉಳಿಸಿ, ಹೀಗೇಕಾಯಿತು, ಕೋಲು ವಾಲಿತ್ತೆ, ಪಟ್ಟಿ ಜರುಗಿತ್ತೆ ಎಂದು ಮಕ್ಕಳನ್ನೇ ಕೇಳಬೇಕು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಹೀಗೆ ಒತ್ತಿ ಹೇಳುವುದಕ್ಕೆ ಕಾರಣವುಂಟು. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 980 ಬರಬೇಕೆಂದು ಮೊದಲೇ ತಿಳಿದು, ಅದಕ್ಕೆ ತಕ್ಕಂತೆ ಅಂಕೆಗಳನ್ನು ತಿದ್ದಿ ಬರೆಯುವ ವಿದ್ಯಾರ್ಥಿಗಳು ವರ್ಷ ವರ್ಷವೂ ಕಾಣಸಿಗುತ್ತಾರೆ. ಅವರು ದಡ್ಡರಲ್ಲ, ದುಷ್ಟರೂ ಅಲ್ಲ. ತಮ್ಮ ಕಣ್ಣಿಗಿಂತ ಪುಸ್ತಕದ ಉತ್ತರ ದೊಡ್ಡದೆಂದು ಎಳವೆಯಲ್ಲೇ ಕಲಿತವರು. ಹದಿನೆಂಟನೆಯ ವಯಸ್ಸಿನಲ್ಲಿ ಇದನ್ನು ಬಿಡಿಸುವುದು ಬಹಳ ಪ್ರಯಾಸದ ಕೆಲಸ. ಹತ್ತನೆಯ ವಯಸ್ಸಿನಲ್ಲಿ ಒಂದು ಕೋಲು ಸಾಕು.

ಪಾಠಗಳು ಹಿಂದೆ ಬೀಳುವುವೆಂದೂ ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ನೋಡಬೇಕಾಗಿದೆಯೆಂದೂ ಆಕ್ಷೇಪಣೆ ಬರಬಹುದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಇಬ್ಬರು ಮಕ್ಕಳು ಹೊರಗೆ ಹೋಗಿ ಅಳೆದು ಬಂದರೆ ಪಾಠವು ನಿಲ್ಲಬೇಕಾಗಿಲ್ಲ. ದಶಾಂಶ, ಸರಾಸರಿ, ವೃತ್ತ, ದಿಕ್ಕು ಎಲ್ಲವೂ ಪಠ್ಯದಲ್ಲಿರುವ ವಿಷಯಗಳೇ. ಕಂಡುದನ್ನು ನಾಲ್ಕು ಸಾಲುಗಳಲ್ಲಿ ಬರೆದರೆ ಅದೇ ಕನ್ನಡದ ಪಾಠವೂ ಆಯಿತು.

ನಮ್ಮ ವಾಚಕರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ನಿಮ್ಮ ಊರಿನ ಪ್ರಾಥಮಿಕ ಶಾಲೆಗೆ ಹೋಗಿ, ಉಪಾಧ್ಯಾಯರ ಅನುಮತಿ ಪಡೆದು, ಒಂದು ವಾರ ಈ ಕೆಲಸದಲ್ಲಿ ನೆರವಾಗಿರಿ. ಉತ್ತರವನ್ನು ಮಾತ್ರ ಮೊದಲೇ ಹೇಳಬೇಡಿರಿ. ಮೋಡ ಕವಿದು ಒಂದು ದಿನದ ಅಳತೆ ತಪ್ಪಿದರೆ ಆ ದಿನದ ಜಾಗವನ್ನು ಬರಿದಾಗಿಯೇ ಬಿಡಲು ಮಕ್ಕಳಿಗೆ ಕಲಿಸಿರಿ. ಊಹಿಸಿ ತುಂಬಿದ ಅಂಕೆಗಿಂತ ಆ ಬರಿದಾದ ಜಾಗವೇ ವಿಜ್ಞಾನಕ್ಕೆ ಹತ್ತಿರವಾದುದು.