ಶಮೆದಮೆ ಕೂಲಿಕಾರನಿಗೆ ಮಾತ್ರವೇ?

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಪವಿತ್ರಾತ್ಮನ ಫಲಗಳನ್ನು ಎಣಿಸುತ್ತ ಒಂಬತ್ತನೆಯದಾಗಿ ಹೇಳುವ ಗುಣಕ್ಕೆ ಕನ್ನಡ ಬೈಬಲಿನ ಅನುವಾದಕರು ಇಟ್ಟ ಹೆಸರು ‘ಶಮೆದಮೆ’. ಶಮವೆಂದರೆ ಮನಸ್ಸಿನ ನಿಗ್ರಹ, ದಮವೆಂದರೆ ಇಂದ್ರಿಯಗಳ ನಿಗ್ರಹ. ಗ್ರೀಕ್ ಮೂಲದಲ್ಲಿ ಇರುವುದು ಒಂದೇ ಪದ. ನಮ್ಮವರು ವೇದಾಂತದ ಜೋಡಿಯನ್ನು ತಂದು ಅರ್ಥವನ್ನು ಹಿಗ್ಗಿಸಿದರು. ಬೀದರಿನ ಮಂಗಲಪೇಟೆಯಿಂದ ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳವರೆಗೆ ಹರಡಿರುವ ಮೆಥೋಡಿಸ್ಟ್ ಸಭೆಗಳಲ್ಲಿ ಈ ಪದವನ್ನು ಕೇಳದವರು ವಿರಳ. ಆದರೆ ಹಿಗ್ಗಿದ ಅರ್ಥ ನಮ್ಮ ಪ್ರಸಂಗಗಳಲ್ಲಿ ‘ಕುಡಿಯಬೇಡ’ ಎಂಬ ಒಂದೇ ಮಾತಿಗೆ ಕುಗ್ಗಿಹೋಗಿದೆ ಎಂಬುದು ನನ್ನ ತಕರಾರು.

ಕುಡಿತದ ಹಾನಿಯನ್ನು ನಾನು ಕಡೆಗಣಿಸುತ್ತಿಲ್ಲ. ಹೈದರಾಬಾದಿಗೆ ಗುಳೆ ಹೋಗಿ ದುಡಿದು ತಂದ ಕೂಲಿ ಮನೆಯ ಹೊಸ್ತಿಲು ದಾಟುವ ಮೊದಲೇ ಕರಗಿಹೋದರೆ ಅದರ ದಂಡ ತೆರುವವರು ಹೆಂಡತಿ, ಮಕ್ಕಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ಪರವಾನಗಿ ಪಡೆದ ಅಂಗಡಿಯ ಅಗ್ಗದ ಮದ್ಯಕ್ಕೆ ಹೊರಳಿದರು. ಸರ್ಕಾರಕ್ಕೆ ಅಬಕಾರಿ ವರಮಾನ ಬೇಕು, ಪ್ರಜೆಗೆ ಸಂಯಮ ಬೇಕು! ಈ ವಿಡಂಬನೆಯ ನಡುವೆ ಶಮೆದಮೆಯ ಪಾಠ ಕೇಳಬೇಕಾದವನು ಕೂಲಿಕಾರನೊಬ್ಬನೇ.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ವಿಧಿಸಿದ ಸಾಮಾನ್ಯ ನಿಯಮಗಳನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಕುಡಿಯುವುದಷ್ಟೇ ಅಲ್ಲ, ಮದ್ಯವನ್ನು ಕೊಳ್ಳುವುದೂ ಮಾರುವುದೂ ನಿಷಿದ್ಧ. ತೀರಿಸುವ ಸಂಭವವಿಲ್ಲದ ಸಾಲ ಮಾಡುವುದು, ಹಣ ಕೊಡಲಾಗದೆಂದು ತಿಳಿದೂ ಸಾಮಾನು ತರುವುದು, ಚಿನ್ನ ಮತ್ತು ಬೆಲೆಬಾಳುವ ಉಡುಪಿನ ಆಡಂಬರ, ಇವೆಲ್ಲ ಅದೇ ಪಟ್ಟಿಯಲ್ಲಿವೆ. ಅಂದರೆ ಅಂಗಡಿಗೆ ಮಳಿಗೆ ಬಾಡಿಗೆ ಕೊಟ್ಟವನೂ, ಚುನಾವಣೆಯ ಹಿಂದಿನ ರಾತ್ರಿ ಬಾಟಲಿ ಹಂಚುವವನೂ ಆತ್ಮಸಂಯಮದ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ ಪ್ರಸಂಗದ ದನಿ ಏಕೋ ಮೆತ್ತಗಾಗುತ್ತದೆ.

ಇನ್ನು ಮದುವೆ. ಒಂದು ಹನಿ ಮದ್ಯ ಮುಟ್ಟದ ಗೃಹಸ್ಥರೂ ಬಂಧುಗಳ ಬಾಯಿಗೆ ಹೆದರಿ ಎರಡು ಎಕರೆ ಸೋಯಾ, ತೊಗರಿಯ ಆದಾಯಕ್ಕೆ ಎಂದೂ ಹೊಂದದ ಖರ್ಚಿಗೆ ಇಳಿಯುತ್ತಾರೆ. ಇಂದ್ರಿಯಗಳು ಹತೋಟಿಯಲ್ಲಿವೆ, ಮನಸ್ಸು ಇಲ್ಲ. ದಮ ಉಂಟು, ಶಮ ಇಲ್ಲ ಎಂದರೂ ಸರಿಯೇ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದು ಅಗತ್ಯವೇ ಆಗಿತ್ತು. ಆದರೆ ಕಾನೂನು ಸಾಲ ಕೊಟ್ಟವನ ಕೈ ಹಿಡಿಯಬಲ್ಲದೇ ಹೊರತು, ಶಾಮಿಯಾನ ಎಷ್ಟು ದೊಡ್ಡದಿರಬೇಕೆಂದು ಹೇಳಲಾರದು.

ಅದನ್ನು ಹೇಳಬಲ್ಲದ್ದು ಸಭೆ. ನಲವತ್ತು ದಿನಗಳ ಶ್ರಮಕಾಲದಲ್ಲಿ ಮಾಂಸ ಬಿಟ್ಟು, ಈಸ್ಟರ್ ಮುಗಿದೊಡನೆ ಹಳೆಯ ಚಾಳಿಗೆ ಮರಳುವುದಕ್ಕಿಂತ ಕಷ್ಟದ ಅಭ್ಯಾಸವಿದು. ಮದುವೆಯ ಪ್ರಕಟಣೆಯನ್ನು ಆರಾಧನೆಯಲ್ಲಿ ಓದುವ ಮುನ್ನ ಸಭಾಪಾಲಕರೂ ಹಿರಿಯರೂ ಎರಡು ಮನೆಯವರನ್ನು ಕೂರಿಸಿಕೊಂಡು, ಈ ಖರ್ಚಿನಲ್ಲಿ ಸಾಲವೆಷ್ಟು, ತೀರಿಸುವವರು ಯಾರು ಎಂದು ಕೇಳಲಿ. ಮೊದಲು ಸ್ಥಿತಿವಂತರ ಮನೆಯ ಮದುವೆಯಲ್ಲಿ ಕೇಳಲಿ. ಊಟದ ಎಲೆಗಳ ಲೆಕ್ಕ ಅಲ್ಲಿ ಇಳಿದರೆ ಬಡವರ ಮನೆಯಲ್ಲಿ ಇಳಿಸಲು ಯಾರ ಉಪದೇಶವೂ ಬೇಕಾಗದು.